ಹನ್ನೊಂದು ವರ್ಷದ ಬಸಿರು

ನಾನು ಕನ್ನಡಕ್ಕೆ ತಂದ ಕಥೆಗಳ ಪುಸ್ತಕವನ್ನು ಮೊದಲ ಸಲ ನೋಡಿದ್ದು ಅದರ ಬಿಡುಗಡೆಯ ವೇದಿಕೆಯ ಮೇಲೆ. ಧಾರವಾಡದ ಒಂದು ಸಭಾಭವನ. ಕೆಳಗೆ ಕುಳಿತವರಲ್ಲಿ ಅರ್ಧಕ್ಕೂ ಹೆಚ್ಚು ಜನ ನನ್ನ ಕಾಲೇಜಿನ ವಿದ್ಯಾರ್ಥಿಗಳು. ಅತಿಥಿಗಳು ಬಣ್ಣದ ಕಾಗದ ಬಿಚ್ಚಿ ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಫೋಟೋ ತೆಗೆಸಿಕೊಂಡರು. ನನ್ನ ಕೈಗೂ ಒಂದು ಪ್ರತಿ ಬಂತು. ಎಲ್ಲರೂ ಕುಳಿತ ಮೇಲೆ ಅತಿಥಿಗಳ ಭಾಷಣ ಶುರುವಾಯಿತು. ನಾನು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಕಥೆಯ ಪುಟ ತೆರೆದೆ.

ಆ ಕಥೆಯ ಮೊದಲ ವಾಕ್ಯ ನನಗೆ ಬಾಯಿಪಾಠ. ಎಷ್ಟೋ ಸಲ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೆ: ‘ಅವಳು ಬಸುರಿಯಾಗಿ ಹನ್ನೊಂದು ವರ್ಷವಾಗಿತ್ತು.’ ಪುಸ್ತಕದಲ್ಲಿ ಹೀಗಿತ್ತು: ‘ಅವಳು ಬಸುರಿಯಾಗಿ ಒಂಬತ್ತು ತಿಂಗಳಾಗಿತ್ತು.’

ಅಚ್ಚಿನ ತಪ್ಪಿರಬೇಕು ಅಂದುಕೊಂಡೆ. ಆದರೆ ಹನ್ನೊಂದು ವರ್ಷ ಕೈತಪ್ಪಿ ಒಂಬತ್ತು ತಿಂಗಳಾಗಲು ಸಾಧ್ಯವಿಲ್ಲ. ಪುಟ ಹೊರಳಿಸಿದೆ. ಎರಡನೆಯ ಕಥೆಯಲ್ಲಿ ಬೆಳಿಗ್ಗೆ ಕೆಳಗೆ ಹರಿದು ಸಂಜೆ ಹಿಂದಕ್ಕೆ ಹರಿಯುವ ನದಿಯೊಂದಿತ್ತು. ಪುಸ್ತಕದಲ್ಲಿ ಅದು ‘ಸಂಜೆಯೂ ಹರಿಯುತ್ತಿತ್ತು’. ನಾಲ್ಕನೆಯ ಕಥೆಯ ‘ಸತ್ತ ಗುಮಾಸ್ತ’ ಪುಸ್ತಕದಲ್ಲಿ ಕಥೆಯುದ್ದಕ್ಕೂ ‘ನಿವೃತ್ತ ಗುಮಾಸ್ತ’ ಆಗಿದ್ದ. ಎಂಟು ನೂರು ವರ್ಷ ಮುಂದೆ ನಡೆಯುವ ಒಂದು ಕಥೆಯ ಇಸವಿಯನ್ನು ಕಳೆದ ಶತಮಾನಕ್ಕೆ ತಂದಿಟ್ಟಿದ್ದರು. ಅದರಲ್ಲಿ ಜನ ಸಂತೆಗೆ ಹೋದಷ್ಟು ಸಲೀಸಾಗಿ ಚಂದ್ರನಿಗೆ ಹೋಗಿ ಬರುತ್ತಿದ್ದರು. ಆ ಪುಟಕ್ಕೆ ಬರುವ ಹೊತ್ತಿಗೆ ತಿದ್ದುವವರಿಗೆ ದಣಿವಾಗಿತ್ತೋ ಏನೋ, ಚಂದ್ರನನ್ನು ಹಾಗೇ ಬಿಟ್ಟಿದ್ದರು.

ಪಕ್ಕದಲ್ಲಿ ಪ್ರಕಾಶಕರು ನಸುನಗುತ್ತ ಕುಳಿತಿದ್ದರು. ಅತಿಥಿಗಳು ಹೇಳುತ್ತಿದ್ದರು: “ಪರದೇಶದ ಕಥಿ ಅಂದಕೂಡ್ಲೆ ನನಗ ಒಂದೀಟು ಅಂಜಿಕಿ ಇತ್ತು. ಆದ್ರ ಆ ನಿವೃತ್ತ ಗುಮಾಸ್ತನ ಕಥಿ ಓದಿದಾಗ ಕಣ್ಣಾಗ ನೀರ್ ಬಂತು. ನಿವೃತ್ತಿ ಆದ ಮ್ಯಾಲೂ ದಿನಾ ಕಚೇರಿಗೆ ಬಂದು ತನ್ನ ಕುರ್ಚಿ ಮ್ಯಾಲೆ ಕೂಡತಾನ, ಯಾರೂ ಅವನ್ನ ಮಾತಾಡಸೂದಿಲ್ಲ. ಇದು ನಮ್ಮ ಧಾರವಾಡದ ಕಥೀನ ಅಲ್ಲೇನ್ರಿ?”

ಜನ ಚಪ್ಪಾಳೆ ತಟ್ಟಿದರು. ನಿವೃತ್ತರೇ ಹೆಚ್ಚಿದ್ದ ಎರಡನೆಯ ಸಾಲಿನಲ್ಲಿ ಚಪ್ಪಾಳೆ ಜೋರಾಗಿತ್ತು.

ನನ್ನ ಸರದಿ ಬಂತು. ಆಗಲಾರದ್ದರ ಕಥೆಗಳು ನಮಗೇಕೆ ಬೇಕು ಎಂದು ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ. ಎದ್ದು ನಿಂತು ಓದತೊಡಗಿದೆ. “ಹನ್ನೊಂದು ವರ್ಷ ಬಸುರಿಯಾಗಿರುವ ಹೆಣ್ಣುಮಗಳೊಬ್ಬಳು ನಮ್ಮ ಮುಂದೆ...” ಅನ್ನುತ್ತಿದ್ದಂತೆ ಮುಂದಿನ ಸಾಲಿನ ವಿದ್ಯಾರ್ಥಿಗಳು ಆಗಷ್ಟೇ ಕೊಂಡ ಪುಸ್ತಕ ತೆರೆದು ಮೊದಲ ಪುಟ ನೋಡಿದರು. ಒಬ್ಬಳು ಪಕ್ಕದವಳಿಗೆ ಬೆರಳಿಟ್ಟು ಏನೋ ತೋರಿಸಿದಳು. ನಾನು ಉಳಿದ ಪುಟಗಳನ್ನು ಮಡಚಿ, ಬಂದವರಿಗೆಲ್ಲ ಧನ್ಯವಾದ ಹೇಳಿ ಕುಳಿತುಬಿಟ್ಟೆ. ಮೇಡಂ ಭಾವುಕರಾದರು ಎಂದು ನಿರೂಪಕರು ಮೈಕಿನಲ್ಲಿ ಹೇಳಿದರು.

ಈ ಕೆಲಸ ಶುರುವಾದದ್ದು ತರಗತಿಯಲ್ಲಿ. ನಾನು ಇರುವುದು ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ, ಇಂಗ್ಲಿಷ್ ಕಲಿಸುವುದು ಧಾರವಾಡದ ಒಂದು ಕಾಲೇಜಿನಲ್ಲಿ. ದಿನಾ ಹೋಗಿ ಬರುವ ಬಸ್ಸಿನಲ್ಲಿ ಫೋನ್ ಹಿಡಿದು ಕಥೆ ಓದುವುದು ರೂಢಿ. ಹಾಗೆ ಓದುತ್ತ ನಾನು ಬಿದ್ದದ್ದು ಒಂದು ಬಗೆಯ ಕಥೆಗಳ ಬಾವಿಗೆ. ಲೋಕದಲ್ಲಿ ನಡೆಯಲಾರದ ಒಂದು ಸಂಗತಿ ನಡೆದೇಬಿಟ್ಟರೆ ಜನ ಏನು ಮಾಡುತ್ತಾರೆ ಎಂದು ಊಹಿಸಿ ಬರೆದ ಕಥೆಗಳು. ಆಫ್ರಿಕದವರು, ಕೊರಿಯದವರು, ದಕ್ಷಿಣ ಅಮೆರಿಕದ ಬೆಟ್ಟದ ಸೀಮೆಯವರು, ವರ್ಷವಿಡೀ ಚಳಿಯಿರುವ ದ್ವೀಪಗಳವರು, ಎಲ್ಲರೂ ಇಂಥವನ್ನು ಬರೆಯುತ್ತಿದ್ದರು. ಕೆಲವು ಅವರದೇ ಭಾಷೆಯಿಂದ ಇಂಗ್ಲಿಷಿಗೆ ಬಂದವು. ಒಂದು ದಿನ ಪಾಠ ಬೇಗ ಮುಗಿದು ಹತ್ತು ನಿಮಿಷ ಉಳಿಯಿತು. ಆ ಸತ್ತ ಗುಮಾಸ್ತನ ಕಥೆ ಹೇಳಿದೆ. ಅವನು ಸತ್ತ ಮರುದಿನದಿಂದಲೇ ಕಚೇರಿಗೆ ಬರುತ್ತಾನೆ. ಸತ್ತವನನ್ನು ಕೆಲಸದಿಂದ ತೆಗೆಯುವ ನಿಯಮ ಯಾವ ಕಡತದಲ್ಲೂ ಇಲ್ಲ, ಹಾಗಾಗಿ ಯಾರೂ ಏನೂ ಮಾಡುವುದಿಲ್ಲ. ಗಂಟೆ ಹೊಡೆಯಿತು, ಒಬ್ಬರೂ ಏಳಲಿಲ್ಲ. ಆಮೇಲೆ ಒಬ್ಬ ಹುಡುಗಿ ನನ್ನ ಹಿಂದೆಯೇ ಮೆಟ್ಟಿಲಿಳಿದು ಬಂದಳು.

“ಮೇಡಂ, ಇದು ಕನ್ನಡದಾಗ ಸಿಗತೈತೇನ್ರಿ? ನಮ್ಮಪ್ಪಗ ಓದಿ ಹೇಳಬೇಕಾಗಿತ್ತು.”

“ಇಲ್ಲವಾ, ನನಗ ಗೊತ್ತಿದ್ದಂಗ ಇಲ್ಲ.”

“ಮತ್ತ ನೀವ ಮಾಡ್ರಲ್ಲ.”

ಅಷ್ಟೇ ಮಾತು. ಮುಂದಿನ ಎರಡು-ಮೂರು ವರ್ಷ ಅದರಲ್ಲೇ ಹೋದವು. ಒಂಬತ್ತು ಕಥೆ ಆರಿಸಿದೆ. ಒಂಬತ್ತು ಲೇಖಕರಿಗೂ ಮೇಲ್ ಬರೆದು ಒಪ್ಪಿಗೆ ಬೇಡಿದೆ. ಕೆಲವರು ಮರುದಿನವೇ ಉತ್ತರಿಸಿದರು. ಒಬ್ಬರು ಏಳು ತಿಂಗಳು ಕಾಯಿಸಿದರು. ಬಸುರಿಯ ಕಥೆ ಬರೆದ ದ್ವೀಪದ ಹೆಂಗಸು ಮಾತ್ರ ಒಂದು ಷರತ್ತು ಹಾಕಿದಳು: ಕಥೆಯಲ್ಲಿ ಏನನ್ನೂ ವಿವರಿಸಬೇಡಿ, ಯಾಕೆ ಹಾಗಾಯಿತು ಎಂದು ಒಂದು ಮಾತೂ ಸೇರಿಸಬೇಡಿ. ನಾನು ಸಂತೋಷದಿಂದ ಒಪ್ಪಿದೆ.

ಇಂಥ ಕಥೆಗಳಿಗೆ ಕನ್ನಡದಲ್ಲಿ ಏನೆನ್ನಬೇಕು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ವೈಜ್ಞಾನಿಕ ಕಥೆ ಅನ್ನೋಣವೆಂದರೆ ಅರ್ಧದಲ್ಲಿ ವಿಜ್ಞಾನವೇ ಇಲ್ಲ. ಅದ್ಭುತ ಕಥೆ ಅಂದರೆ ಮಕ್ಕಳ ಪುಸ್ತಕದಂತೆ ಕೇಳುತ್ತದೆ. ಕೊನೆಗೆ ‘ಜಗತ್ತಿನ ಊಹೆಯ ಕಥೆಗಳು’ ಎಂದು ಬರೆದುಕೊಟ್ಟೆ. ಮುಖಪುಟದ ಮೇಲೆ ಬಂದದ್ದು ‘ಜಗತ್ತಿನ ಸಾಮಾಜಿಕ ಕಥೆಗಳು’. ವೇದಿಕೆಯ ಮೇಲೆ ಅದು ಕೂಡ ನನ್ನ ಕಣ್ಣಿಗೆ ಬಿದ್ದದ್ದು ಕೊನೆಗೆ.

ಪ್ರಕಾಶಕರು ಸಿಕ್ಕಿದ್ದೂ ಸುಲಭವಾಗಿ ಅಲ್ಲ. ಹುಬ್ಬಳ್ಳಿಯ ಒಬ್ಬರು ಹಸ್ತಪ್ರತಿಯನ್ನು ಕೈಯಲ್ಲಿ ತೂಗಿ ನೋಡಿ, ಇದನ್ನು ಯಾರು ಓದುತ್ತಾರೆ ಎಂದು ವಾಪಸು ಕೊಟ್ಟರು. ಇನ್ನೊಬ್ಬರು ಪಾತ್ರಗಳಿಗೆಲ್ಲ ನಮ್ಮ ಕಡೆಯ ಹೆಸರಿಡಿ, ಊರನ್ನು ನವಲಗುಂದ ಮಾಡಿ, ಆಮೇಲೆ ನೋಡೋಣ ಅಂದರು. ಧಾರವಾಡದ ಈ ಪ್ರಕಾಶಕರು ಮಾತ್ರ ಒಂದೇ ಮಾತಿಗೆ ಒಪ್ಪಿದರು. ಪರೀಕ್ಷೆಯ ಗೈಡುಗಳು ಅವರ ಮುಖ್ಯ ಕೆಲಸ, ವರ್ಷಕ್ಕೆ ಎರಡೋ ಮೂರೋ ಸಾಹಿತ್ಯದ ಪುಸ್ತಕ ತರುತ್ತಾರೆ. ಯಾಕೆ ಇಷ್ಟು ಸುಲಭವಾಗಿ ಒಪ್ಪಿದರು ಎಂದು ನಾನು ಆಗ ಯೋಚಿಸಲಿಲ್ಲ. ಓದದೆ ಒಪ್ಪಿದ್ದರು ಎಂಬುದು ಆಮೇಲೆ ತಿಳಿಯಿತು.

ಮೊದಲ ಪ್ರೂಫನ್ನು ನಾನೇ ನೋಡಿದ್ದೆ. ಎರಡನೆಯದು ಬರುವಾಗ ನಾನು ಪರೀಕ್ಷಾ ಮೌಲ್ಯಮಾಪನದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಪ್ರಕಾಶಕರು ಫೋನ್ ಮಾಡಿ, “ನಮ್ಮ ಮಾಸ್ತರ್ ಕಡೆ ಕೊಡ್ತೇನ್ರಿ ಮೇಡಂ, ಮೂವತ್ತು ವರ್ಷದಿಂದ ನಮ್ಮ ಪ್ರೂಫ್ ಅವರ ನೋಡ್ತಾರ, ಒಂದು ಕೊಂಬು ತಪ್ಪಲಿಕ್ಕೆ ಬಿಡೂದಿಲ್ಲ” ಅಂದರು. ಕೊನೆಯ ಪ್ರತಿ ನನಗೆ ತೋರಿಸಿ ಅಂದೆ. ಹೂಂ ಅಂದರು. ಆಮೇಲೆ ಸಭಾಭವನ ಸಿಕ್ಕ ತಾರೀಖು, ಅತಿಥಿಗಳ ಬಿಡುವು ಎಂದೆಲ್ಲ ಆಗಿ ಪುಸ್ತಕ ನೇರ ಅಚ್ಚಿಗೆ ಹೋಯಿತು.

ಬಿಡುಗಡೆಯ ಮರುದಿನ ಅವರ ಅಂಗಡಿಗೆ ಹೋದೆ. ಅವರು ಗೈಡುಗಳ ಕಟ್ಟು ಎಣಿಸುತ್ತಿದ್ದರು. ಪುಸ್ತಕದ ಮೊದಲ ಪುಟ ತೆರೆದು ಮುಂದಿಟ್ಟೆ.

“ಸರ್, ಹನ್ನೊಂದು ವರ್ಷ ಅಂತ ಬರದುಕೊಟ್ಟಿದ್ದೆ. ಒಂಬತ್ತು ತಿಂಗಳ ಹೆಂಗಾತ್ರಿ ಇದು?”

ಅವರು ಕನ್ನಡಕ ಏರಿಸಿ ಓದಿದರು. “ಮತ್ತ ಬಸರು ಅಂದ್ರ ಒಂಬತ್ತು ತಿಂಗಳ ಅಲ್ರೀ?”

“ಈ ಕಥಿಯೊಳಗ ಹನ್ನೊಂದು ವರ್ಷ. ಅದಕ್ಕ ದೂರದೂರದ ಮಂದಿ ಎಲ್ಲಾ ಬೆರಗಾಗಿ ನೋಡಾಕ ಬರ್ತಾರ. ಈಗ ಓದಿದ್ರ ಒಂಬತ್ತು ತಿಂಗಳ ಬಸರಿನ ನೋಡಾಕ ಹಡಗು ಹತ್ತಿ ಬಂದಾರ ಅಂತ ಆಗೇತಿ.”

“ಹಡಗು ಹತ್ತಿ ಬಂದಿದ್ದು ನನಗೂ ಒಂದೀಟು ವಿಚಿತ್ರ ಅನಿಸಿತ್ತು” ಅಂದರು ಅವರು.

“ನೀವು ಹಸ್ತಪ್ರತಿ ಓದಿದ್ರೋ ಇಲ್ಲೋ?”

“ವ್ಯಾಳ್ಯಾ ಎಲ್ಲದರಿ ಮೇಡಂ. ನೀವು ಕಲಿತವರು, ಛಲೋನ ಬರದಿರ್ತೀರಿ ಅಂತ ನಂಬಿಕಿ. ಮತ್ತ ನಿನ್ನೆ ಎಲ್ಲಾರೂ ಎಷ್ಟು ಹೊಗಳಿದ್ರು. ಅತಿಥಿಗಳು ಗುಮಾಸ್ತನ ಕಥಿ ಓದಿ ಕಣ್ಣಾಗ ನೀರು ತಂದ್ರು.”

“ಅದು ಆ ಕಥೀನ ಅಲ್ರಿ.”

“ಯಾವುದರ ಆಗಲಿ, ನೀರು ಬಂತೋ ಇಲ್ಲೋ?”

ಮತ್ತೆ ಅಚ್ಚು ಮಾಡಿಸಿ ಅಂದೆ. ಈ ಪ್ರತಿಗಳು ಖಾಲಿಯಾಗಲಿ, ಎರಡನೇ ಮುದ್ರಣದಲ್ಲಿ ನೋಡೋಣ ಅಂದರು. ಧಾರವಾಡದಲ್ಲಿ ಅನುವಾದದ ಪುಸ್ತಕಕ್ಕೆ ಎರಡನೇ ಮುದ್ರಣ ಬರುವುದು ಎಂದರೇನು ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೊರಡುವಾಗ ಮಾಸ್ತರರ ವಿಳಾಸ ಇಸಿದುಕೊಂಡೆ.

ಮುಂದಿನ ರವಿವಾರ ಅಮ್ಮಿನಬಾವಿಗೆ ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಆ ಮನುಷ್ಯನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಬಹಳ ಕಟುವಾದ ಮಾತುಗಳೇ ಸಿಕ್ಕಿದ್ದವು. ಮಾಸ್ತರರಿಗೆ ಎಪ್ಪತ್ತು ದಾಟಿತ್ತು. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಪಡಸಾಲೆಯ ಕಿಟಕಿಯ ಹತ್ತಿರ ಒಂದು ಇಳಿಜಾರು ಮೇಜು, ಅದರ ಮೇಲೆ ಬಟ್ಟೆ ಹೊಚ್ಚಿದ ನಿಘಂಟು, ಎರಡು ಕೆಂಪು ಪೆನ್ನು. ನಾನು ಯಾರೆಂದು ಹೇಳುತ್ತಲೇ ಅವರ ಮುಖ ಅರಳಿತು.

“ಬರ್ರಿ ಅಕ್ಕಾರ, ಬರ್ರಿ. ಕೂಡ್ರಿ. ಚಹಾ ತಗೋತೀರೋ, ಮಜ್ಜಿಗಿ ತರಸ್ಲೋ? ಮೂವತ್ತು ವರ್ಷದಾಗ ಬರದೋರು ಒಬ್ಬರೂ ನನ್ನ ನೋಡಾಕ ಬಂದಿದ್ದಿಲ್ಲ ನೋಡ್ರಿ.”

ನಾನು ಧನ್ಯವಾದ ಹೇಳಲು ಬಂದಿದ್ದೇನೆ ಎಂದು ಅವರು ತಿಳಿದಿದ್ದರು. ಜೋಡಿಸಿಕೊಂಡ ಮಾತುಗಳನ್ನು ಬದಿಗಿಟ್ಟು ಮಜ್ಜಿಗೆ ಸಾಕು ಅಂದೆ. ಅವರು ಕಪಾಟಿನಿಂದ ನನ್ನ ಪ್ರೂಫಿನ ಕಟ್ಟನ್ನೇ ತೆಗೆದು ಮುಂದಿಟ್ಟರು. ಪ್ರತಿ ಹಾಳೆಯ ಅಂಚಿನಲ್ಲೂ ಕೆಂಪು ಅಕ್ಷರ, ಮುತ್ತಿನಂತೆ.

“ಭಾಳ ತಪ್ಪು ಇದ್ದುವ್ರಿ. ನಿಮಗ ಗಡಿಬಿಡಿ ಇತ್ತು ಕಾಣ್ತೈತಿ. ಒಂದೊಂದು ಕಡೆ ಮೂರ್ ಮೂರ್ ಸಲ ಅದ ತಪ್ಪು. ನಾ ಎಲ್ಲಾ ಬರೋಬರಿ ಮಾಡೇನಿ.”

“ಮಾಸ್ತರ, ಅವು ತಪ್ಪಲ್ರಿ. ಕಥಿ ಇರೂದ ಹಂಗ.”

“ಹಂಗಂದ್ರ?”

“ಆಕಿ ಖರೇನ ಹನ್ನೊಂದು ವರ್ಷ ಬಸರಿ.”

ಅವರು ಆ ಸಾಲಿನ ಮೇಲೆ ಬೆರಳಿಟ್ಟರು. “ಹಂಗ ಆಗೂದಿಲ್ಲಲ್ರಿ.”

“ಆಗೂದಿಲ್ಲ. ಕಥಿಯೊಳಗ ಆಗೇತಿ.”

“ಡಾಕ್ಟರ್ ಏನಂದ್ರು ಮತ್ತ?”

“ಕಥಿಯೊಳಗ ಡಾಕ್ಟರ್ ಇಲ್ರಿ. ಪುರಾಣದಾಗ ಎಷ್ಟೆಷ್ಟೋ ಆಗ್ತೈತಿ, ಅದನ್ನ ನೀವು ತಿದ್ದತೀರೇನು?”

“ಪುರಾಣದಾಗ ದೇವರು ಮಾಡ್ತಾನ. ಇಲ್ಲೆ ಯಾರು ಮಾಡಿದ್ರು?”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ನದಿಯ ಪುಟ ತೆರೆದು ಇದನ್ನೇಕೆ ಮುಟ್ಟಿದಿರಿ ಎಂದು ಕೇಳಿದೆ. ಆಗ ಅವರ ದನಿ ಬದಲಾಯಿತು. ಹಿಂದೆ ಒಂದು ಭೂಗೋಳದ ಗೈಡಿನಲ್ಲಿ ಪೂರ್ವಕ್ಕೆ ಹರಿಯುವ ನದಿಯೊಂದು ಪಶ್ಚಿಮಕ್ಕೆ ಹರಿಯುತ್ತದೆ ಎಂದು ತಪ್ಪು ಬಿದ್ದದ್ದು ಅವರ ಕಣ್ತಪ್ಪಿ ಅಚ್ಚಾಗಿತ್ತಂತೆ. ಪರೀಕ್ಷೆಯಲ್ಲಿ ಅವರ ಊರಿನ ಮಕ್ಕಳೇ ಹಾಗೆ ಬರೆದು ಬಂದರಂತೆ. “ಮಕ್ಕಳು ಮನೀಗ ಬಂದು ಗೈಡ್ ತೋರಿಸಿ ಕೇಳಿದ್ರು, ಸರ್, ಇದರಾಗ ಹಿಂಗ ಐತಲ್ರಿ ಅಂತ. ಏನ್ ಹೇಳ್ಲಿ ನಾನು? ಅವತ್ತಿನಿಂದ ನದಿ ಅಂತ ಕಂಡ್ರ ಎರಡು ಸಲ ನೋಡ್ತೇನ್ರಿ.”

ಆ ಮಾತಿಗೆ ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ಆದರೂ ಸಿಟ್ಟು ಇಳಿದಿರಲಿಲ್ಲ. ಬಸುರಿಯ ಕಥೆಯ ಕೊನೆಯ ಹಾಳೆ ತೆಗೆದೆ. ಮೂಲದಲ್ಲಿ ಕಥೆ ಹೆರಿಗೆಗೆ ಮುಂಚೆಯೇ ನಿಲ್ಲುತ್ತದೆ. ಹೊಟ್ಟೆಯೊಳಗಿಂದ ಮಗು ಅಮ್ಮನಿಗೆ ಇವತ್ತು ಯಾವ ವಾರ ಎಂದು ಕೇಳುತ್ತದೆ, ಅವಳು ಹೇಳುತ್ತಾಳೆ, ಅಲ್ಲಿಗೆ ಮುಗಿಯಿತು. ಅಚ್ಚಾದ ಪುಸ್ತಕದಲ್ಲಿ ವಾರ ಕೇಳುವವನು ಗಂಡ. ಅದರ ಕೆಳಗೆ ಇನ್ನೊಂದು ವಾಕ್ಯ: ‘ಸುಖವಾಗಿ ಹೆರಿಗೆಯಾಗಿ ಗಂಡುಮಗು ಹುಟ್ಟಿತು.’

“ಇದನ್ನ ಯಾರು ಬರದ್ರು?”

ಮಾಸ್ತರರು ಸ್ವಲ್ಪ ನಾಚಿದರು. “ಕಡೀ ಹಾಳಿ ಕಳದೈತಿ ಅಂತ ನಾನು ಪ್ರಕಾಶಕರಿಗೆ ಫೋನ್ ಮಾಡಿದ್ನಿರಿ. ಅವರು, ಮೇಡಂ ಮೌಲ್ಯಮಾಪನದಾಗ ಅದಾರ, ಒಂದು ಸಾಲು ನೀವ ಹಾಕಿ ಮುಗಸ್ರಿ ಅಂದ್ರು.”

ನನಗೊಂದು ಫೋನ್ ಮಾಡಿದ್ದರೆ ಸಾಕಿತ್ತು. ಮೌಲ್ಯಮಾಪನ ಕೇಂದ್ರದಲ್ಲಿ ಮಧ್ಯಾಹ್ನ ಒಂದು ತಾಸು ಊಟಕ್ಕೆ ಬಿಡುತ್ತಾರೆ. ಮೂರು ವರ್ಷದ ಕೆಲಸ ಆ ಒಂದು ಫೋನಿಲ್ಲದೆ ಹಾಳಾಗಿತ್ತು.

ಮಾಸ್ತರರು ಅದೇ ಕಥೆಯ ಹಾಳೆಗಳನ್ನು ತಿರುವುತ್ತ ಇನ್ನೊಂದು ಕಡೆ ಬೆರಳಿಟ್ಟರು. “ಇದೂ ತಪ್ಪಲ್ಲೇನ್ರಿ? ಇಲ್ಲೆ ನೀವು ಗಂಡನ ತಮ್ಮ ಅಂದ್ಕೊಂಡು ಮೈದುನ ಅಂತ ಬರದೀರಿ. ನಾ ಭಾವ ಅಂತ ಮಾಡೇನಿ.”

“ಯಾಕ್ರಿ?”

“ಮುಂದ ಎರಡು ಹಾಳಿ ಬಿಟ್ಟು ನೋಡ್ರಿ. ತೀರಿಹೋದ ಅಪ್ಪನ ಕುರ್ಚಿ ಮ್ಯಾಲೆ ಅವ ಕೂಡತಾನ, ಮನೀ ಕೀಲಿಕೈ ಅವನ ಕಡೆ ಇರತಾವ, ಆಕಿ ಅವನ ಮುಂದ ಎದ್ದು ನಿಂದರತಾಳ. ಇವ ತಮ್ಮ ಹೆಂಗ ಆಗ್ತಾನ?”

ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ನಾನು ಯೋಚಿಸದೆ ಮೈದುನ ಎಂದು ಬರೆದು ಮುಂದೆ ಹೋಗಿದ್ದೆ. ಆ ಕುರ್ಚಿ, ಕೀಲಿಕೈ ಎಲ್ಲವನ್ನೂ ಕನ್ನಡಕ್ಕೆ ತಂದವಳು ನಾನೇ, ಆದರೆ ನನಗೆ ಕಾಣಿಸಿರಲಿಲ್ಲ. ಹನ್ನೊಂದು ವರ್ಷವನ್ನು ನಂಬದ ಮನುಷ್ಯ ಕಥೆಯನ್ನು ನನಗಿಂತ ಎಚ್ಚರದಿಂದ ಓದಿದ್ದರು. ಇದನ್ನು ಒಪ್ಪಿಕೊಳ್ಳುವುದು ಆ ಹೊತ್ತಿನಲ್ಲಿ ನನಗೆ ಬಹಳ ಕಷ್ಟವಾಯಿತು. ಮನೆಗೆ ಹೋಗಿ ಲೇಖಕಿಯನ್ನು ಕೇಳುತ್ತೇನೆ ಅಂದೆ.

“ಕೇಳ್ರಿ. ಆಮ್ಯಾಲೆ ಆ ಕಥಿ ಹೆಂಗಿತ್ತೋ ಹಂಗ ನನಗೊಮ್ಮೆ ಓದಿ ಹೇಳ್ರಿ. ಈಗ ಓದ್ರಿ ಬೇಕಾದ್ರ.”

ಫೋನಿನಲ್ಲಿ ನನ್ನ ಮೂಲ ಪ್ರತಿ ಇತ್ತು. ಓದಿದೆ. ಅವರು ಕಣ್ಣು ಮುಚ್ಚಿ, ಕೈ ಕಟ್ಟಿಕೊಂಡು ಕೇಳಿದರು. ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ. ಕಥೆ ಅವರನ್ನು ಮುಟ್ಟಿತು, ಈಗ ಒಪ್ಪುತ್ತಾರೆ ಎಂದು ನಾನು ಕಾದೆ.

“ಹನ್ನೊಂದು ವರ್ಷ ಆಕಿಗೆ ನೀರು ಯಾರು ತಂದು ಕೊಟ್ರು?” ಅಂದರು.

“ಅದು ಕಥಿಯೊಳಗಿಲ್ರಿ.”

“ಇರಬೇಕಾಗಿತ್ತು.”

ನಾನು ಎದ್ದುಬಂದೆ. ಅವರು ಬಸ್ ನಿಲ್ದಾಣದವರೆಗೂ ಜೊತೆಗೆ ಬಂದರು. ಬಸ್ಸು ಬರುವವರೆಗೆ ಇಬ್ಬರೂ ಹತ್ತಿಯ ಬೆಳೆಯ ಬಗ್ಗೆ ಮಾತಾಡಿದೆವು.

ಲೇಖಕಿಗೆ ಮೇಲ್ ಬರೆದು ಅಣ್ಣನೋ ತಮ್ಮನೋ ಎಂದಷ್ಟೇ ಕೇಳಿದೆ. ಉಳಿದದ್ದನ್ನು ಹೇಳುವ ಧೈರ್ಯ ಬರಲಿಲ್ಲ. ಎರಡೇ ದಿನಕ್ಕೆ ಉತ್ತರ ಬಂತು: ಅಣ್ಣ, ಖಂಡಿತ ಅಣ್ಣ, ಇದನ್ನು ಕೇಳಿದ ಮೊದಲ ಅನುವಾದಕಿ ನೀವು. ಆ ಹೊಗಳಿಕೆ ನನ್ನದಲ್ಲ ಎಂದು ಕೂಡ ನಾನು ಬರೆಯಲಿಲ್ಲ. ಜೊತೆಗೆ ಅವಳು ಒಂದು ಆಸೆ ಹೇಳಿಕೊಂಡಿದ್ದಳು. ಕನ್ನಡ ಲಿಪಿಯನ್ನು ತಾನು ನೋಡಿಯೇ ಇಲ್ಲ, ಕಥೆಯ ಮೊದಲ ಪುಟದ ಚಿತ್ರ ಕಳಿಸುತ್ತೀರಾ?

ಇಲ್ಲಿ ನಾನು ಮಾಡಿದ್ದು ತಪ್ಪು. ಒಂದು ವಾರ ಉತ್ತರಿಸದೆ ಮುಂದೂಡಿದೆ. ಆಮೇಲೆ ಅಷ್ಟು ದೂರದ ಚಳಿಯ ದ್ವೀಪದಲ್ಲಿ ಕನ್ನಡ ಓದುವವರು ಯಾರಿದ್ದಾರೆ ಎಂದುಕೊಂಡು ಅಚ್ಚಾದ ಪುಟದ ಫೋಟೋವನ್ನೇ ಕಳಿಸಿಬಿಟ್ಟೆ. ಅವಳು ಅದನ್ನು ಸಂಭ್ರಮದಿಂದ ತನ್ನ ಜಾಲತಾಣದ ಪುಟದಲ್ಲಿ ಹಾಕಿದಳು. ಮೂರನೆಯ ದಿನ ಯಾರೋ ಕನ್ನಡದವರು ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದರು: ಚೆನ್ನಾಗಿದೆ, ಆದರೆ ಇಲ್ಲಿ ಒಂಬತ್ತು ತಿಂಗಳು ಎಂದಿದೆಯಲ್ಲ?

ಲೇಖಕಿಯ ಮೇಲ್ ಬಂದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. ಚಿಕ್ಕದು. ಇದು ತಾನು ಬರೆದ ಕಥೆಯಲ್ಲ, ಸರಿಪಡಿಸಿ ಇಲ್ಲವೇ ಪುಸ್ತಕದಿಂದ ತೆಗೆಯಿರಿ ಎಂದಿತ್ತು. ಕೊನೆಗೆ ಒಂದು ಪ್ರಶ್ನೆ: ಫೋಟೋ ಕಳಿಸುವಾಗ ನಿಮಗೆ ಇದು ಗೊತ್ತಿತ್ತೇ? ಗೊತ್ತಿತ್ತು ಎಂದು ಬರೆದೆ. ನಡೆದದ್ದನ್ನೆಲ್ಲ ಬರೆದೆ, ಅಣ್ಣ-ತಮ್ಮನ ವಿಷಯ ಕಂಡುಹಿಡಿದದ್ದು ಮಾಸ್ತರರು ಎಂಬುದನ್ನೂ ಸೇರಿಸಿ. ಅದಕ್ಕೆ ಉತ್ತರ ಬರಲಿಲ್ಲ.

ಅವಳ ಮೇಲನ್ನು ಕಾಗದದ ಮೇಲೆ ತೆಗೆಸಿಕೊಂಡು ಪ್ರಕಾಶಕರ ಅಂಗಡಿಗೆ ಹೋದೆ. ಅವರು ಇಂಗ್ಲಿಷಿನ ಆ ನಾಲ್ಕು ಸಾಲನ್ನು ಎರಡು ಸಲ ಓದಿದರು. ನಾನು ಅದೇ ಮಾತನ್ನು ಕನ್ನಡದಲ್ಲಿ ಐದಾರು ಸಲ ಹೇಳಿದ್ದೆ, ಫೋನಿನಲ್ಲಿ ಕೂಗಾಡಿದ್ದೆ, ಪತ್ರ ಬರೆದಿದ್ದೆ.

“ಇದು ಬ್ಯಾರೆ ಮಾತಾತಲ್ರಿ ಮೇಡಂ” ಅಂದರು. “ಪರದೇಶದವರು ಬರದಾರ ಅಂದ್ರ ಏನರೆ ಮಾಡಬೇಕು.”

ಒಂದು ತಪ್ಪು-ಒಪ್ಪಿನ ಪಟ್ಟಿ ಅಚ್ಚು ಹಾಕಿಸಿ ಉಳಿದ ಪ್ರತಿಗಳಲ್ಲಿ ಇಡುವುದು ಎಂದಾಯಿತು. ಪಟ್ಟಿ ಮಾಡಲು ಮಾಸ್ತರರೇ ಅಮ್ಮಿನಬಾವಿಯಿಂದ ಬಂದರು. ಪ್ರಕಾಶಕರ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗೈಡುಗಳ ಕಟ್ಟುಗಳ ನಡುವೆ, ಎರಡು ದಿನ ಕುಳಿತೆವು. ಅವರು ತಮ್ಮ ಕೆಂಪು ಗುರುತುಗಳನ್ನು ಒಂದೊಂದಾಗಿ ಓದುವರು, ನಾನು ಮೂಲ ಹೇಳುವೆ, ಅವರು ಬರೆದುಕೊಳ್ಳುವರು. ‘ತಪ್ಪು: ನಿವೃತ್ತ. ಒಪ್ಪು: ಸತ್ತ.’ ‘ತಪ್ಪು: ಒಂಬತ್ತು ತಿಂಗಳು. ಒಪ್ಪು: ಹನ್ನೊಂದು ವರ್ಷ.’ ಪ್ರತಿಯೊಂದಕ್ಕೂ ಅವರ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಮೈದುನ-ಭಾವದ ಜಾಗ ಬಂದಾಗ ನಾನೇ, “ಇದನ್ನ ಬಿಡ್ರಿ, ಇದು ನಿಮ್ಮದ ಖರೇ” ಅಂದೆ. ಅವರು ತಲೆಯಾಡಿಸಿ ಮುಂದೆ ಹೋದರು.

ಅಚ್ಚಿಗೆ ಅಕ್ಷರ ಜೋಡಿಸುವ ಹೆಣ್ಣುಮಗಳು ಕಂಪ್ಯೂಟರಿನ ಮುಂದೆ ಪಟ್ಟಿಯನ್ನು ನೋಡಿ ನಿಲ್ಲಿಸಿದಳು. “ಮಾಸ್ತರ, ಎರಡೂ ಕಡೀ ಅದಲು-ಬದಲು ಆಗ್ಯಾವ ನೋಡ್ರಿ. ಸಂಜೀಕ ನದಿ ಹಿಂದಕ್ಕ ಹರೀತು ಅನ್ನೂದು ಒಪ್ಪಿನ ಕಡೆ ಬಂದೈತಿ. ನಾ ಸರಿ ಮಾಡ್ಲೇನ್ರಿ?”

“ಬ್ಯಾಡವಾ” ಅಂದರು ಮಾಸ್ತರರು. “ಹೆಂಗೈತೋ ಹಂಗ ಹೊಡಿ.”

“ತಪ್ಪಾಗ್ತೈತಲ್ರಿ.”

“ತಪ್ಪ ಐತಿ. ಆದ್ರ ಬರದೋರು ಹಂಗ ಬರದಾರ.”

ಅವಳು ಮತ್ತೆ ಎಲ್ಲಿ ತಿದ್ದುತ್ತಾಳೋ ಎಂದು ಮಾಸ್ತರರು ಕೊನೆಯ ಸಾಲು ಮುಗಿಯುವವರೆಗೂ ಅವಳ ಕುರ್ಚಿಯ ಹಿಂದೆ ನಿಂತೇ ಇದ್ದರು. ಊಟಕ್ಕೆ ಕರೆದರೂ ಹೋಗಲಿಲ್ಲ. ಮುಗಿದ ಮೇಲೆ ನನ್ನ ಕಡೆ ತಿರುಗಿ, “ನನಗ ಈ ಕಥಿಗೋಳು ಒಪ್ಪಿಗಿ ಇಲ್ರಿ ಅಕ್ಕಾರ, ಅದನ್ನ ಹೇಳಿರ್ತೇನಿ” ಅಂದರು. ಸರಿ ಅಂದೆ. ವಾದ ಮಾಡುವ ಶಕ್ತಿ ನನಗೂ ಇರಲಿಲ್ಲ.

ಆ ವಾರವೇ ಒಂದು ಪತ್ರಿಕೆಯ ಪುರವಣಿಯಲ್ಲಿ ವಿಮರ್ಶೆ ಬಂತು. ಬರೆದವರು ಪಟ್ಟಿ ಸೇರುವ ಮುಂಚಿನ ಪ್ರತಿ ಓದಿದ್ದರು. ಪುಸ್ತಕ ಅವರಿಗೆ ಬಹಳ ಹಿಡಿಸಿತ್ತು. ವಿದೇಶದ ಕಥೆಗಳೆಂದರೆ ಬರೀ ಕಲ್ಪನೆಯ ಹಾರಾಟ ಎಂದುಕೊಂಡವರಿಗೆ ಈ ಸಂಕಲನ ಉತ್ತರ ಕೊಡುತ್ತದೆ, ಇಲ್ಲಿ ಎಲ್ಲವೂ ನೆಲದ ಮೇಲೆಯೇ ನಡೆಯುತ್ತದೆ ಎಂದು ಹೊಗಳಿದ್ದರು. ಕಾಲೇಜಿನಲ್ಲಿ ಪ್ರಾಂಶುಪಾಲರು ಅದನ್ನು ಕತ್ತರಿಸಿ ಸೂಚನಾ ಫಲಕಕ್ಕೆ ಅಂಟಿಸಿದರು. ನಾನು ಅದರ ಮುಂದೆ ದಿನಕ್ಕೆ ನಾಲ್ಕು ಸಲ ಹಾದುಹೋಗಬೇಕು.

ಪಟ್ಟಿಯನ್ನು ಪುಸ್ತಕದೊಳಗೆ ಅಂಟಿಸಬೇಕೆಂದು ನಾನು ಹೇಳಿದ್ದೆ. ಅಂಟಿಸಲಿಲ್ಲ, ಸುಮ್ಮನೆ ಮಡಚಿ ಒಳಗಿಟ್ಟರು. ಕಳೆದ ತಿಂಗಳು ಧಾರವಾಡದ ಬಸ್ ನಿಲ್ದಾಣದ ಹತ್ತಿರದ ಪುಸ್ತಕದಂಗಡಿಯಲ್ಲಿ ಬೇರೇನೋ ನೋಡುತ್ತಿದ್ದೆ. ಕೈಯಲ್ಲಿ ಚೀಲ ಹಿಡಿದ ಒಬ್ಬ ನಡುವಯಸ್ಸಿನವರು ನನ್ನ ಪುಸ್ತಕವನ್ನು ಕೇಳಿದರು. ಗುರುತಿಲ್ಲದ ಮನುಷ್ಯ ನನ್ನ ಪುಸ್ತಕ ಕೊಳ್ಳುವುದನ್ನು ನಾನು ಕಂಡದ್ದು ಅದೇ ಮೊದಲು. ಅಂಗಡಿಯವರು ಮೇಲಿನ ಸಾಲಿನಿಂದ ಪ್ರತಿ ತೆಗೆದು, ಧೂಳು ಹೋಗಲೆಂದು ಎರಡು ಸಲ ಝಾಡಿಸಿದರು. ಮಡಚಿದ ಪಟ್ಟಿ ಜಾರಿ ನೆಲಕ್ಕೆ ಬಿತ್ತು. ಇಬ್ಬರೂ ನೋಡಲಿಲ್ಲ. ನಾನು ಬಗ್ಗಿ ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಅವರು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಹೋಗಿದ್ದರು.

“ರೀ, ಇದು ಆ ಪುಸ್ತಕದಾಗಿನ ಹಾಳಿರಿ” ಅಂದೆ ಅಂಗಡಿಯವರಿಗೆ.

“ಏನೋ ಜಾಹೀರಾತು ಇರಬೇಕು, ಬಿಡ್ರಿ” ಅಂದರು ಅವರು.

ಹಾಳೆ ಹಿಡಿದು ರಸ್ತೆಗೆ ಓಡಿದೆ. ಆ ಮನುಷ್ಯ ಆಗಲೇ ನಿಲ್ದಾಣದೊಳಗೆ ಸೇರಿ ಸವದತ್ತಿಯ ಬಸ್ಸು ಹತ್ತುತ್ತಿದ್ದರು. ಎರಡು ಸಲ ಕೂಗಿದೆ. ಹೆಸರು ಗೊತ್ತಿಲ್ಲದವರನ್ನು ಏನೆಂದು ಕೂಗುವುದು, ‘ರೀ’ ಅಂದರೆ ನಿಲ್ದಾಣದಲ್ಲಿದ್ದ ಅರ್ಧ ಜನ ತಿರುಗಿ ನೋಡಿದರು. ಅವರು ಮಾತ್ರ ನೋಡಲಿಲ್ಲ. ಬಸ್ಸು ನನ್ನ ಮುಂದೆಯೇ ಹೊರಟಿತು. ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು ಅವರಿಗೆ. ಪುಸ್ತಕ ತೆಗೆದು ಮೊದಲ ಪುಟ ಓದತೊಡಗಿದ್ದರು.